ಸುಂಟರಗಾಳಿಯ ಸಾಕ್ಷ್ಯಪರೀಕ್ಷೆ

ಸುಂಟರಗಾಳಿ ಎಂಬ ಶಬ್ದವನ್ನು ನಾವು ಬಹು ಉದಾರವಾಗಿ ಬಳಸುತ್ತೇವೆ. ಬೇಸಗೆಯ ನಡುಹಗಲಿನಲ್ಲಿ ಬಯಲುಸೀಮೆಯ ಹೊಲದ ಮೇಲೆ ತರಗೆಲೆ, ಧೂಳುಗಳನ್ನು ಸುತ್ತಿಸುತ್ತ ಏಳುವ ಸುಳಿಗೂ ಅದೇ ಹೆಸರು. ಗುಡುಗು ಮಳೆಗೆ ಮುಂಚೆ ಬೀಸಿ ಬಾಳೆಯ ತೋಟವನ್ನು ಮಲಗಿಸಿಬಿಡುವ ಬಿರುಗಾಳಿಗೂ ಅದೇ ಹೆಸರು. ಅಮೆರಿಕದ ಬಯಲುಗಳಲ್ಲಿ ಮನೆಗಳನ್ನು ಬುಡಸಹಿತ ಕಿತ್ತೆಸೆಯುವ ಟಾರ್ನೇಡೊವಿಗೂ ಅದೇ ಹೆಸರು. ಒಮ್ಮೊಮ್ಮೆ ಬಂಗಾಳ ಕೊಲ್ಲಿಯ ಚಂಡಮಾರುತಕ್ಕೂ ಈ ಹೆಸರನ್ನು ಅಂಟಿಸುವುದುಂಟು. ಆಡುಮಾತಿನಲ್ಲಿ ಇದರಿಂದ ಹಾನಿಯೇನೂ ಇಲ್ಲ. ಆದರೆ ತರಗತಿಯಲ್ಲಿ ವಿದ್ಯಾರ್ಥಿಯೊಬ್ಬನು ಎದ್ದು ನಿಂತು, “ನಮ್ಮೂರಿನಲ್ಲಿ ನಿನ್ನೆ ಸುಂಟರಗಾಳಿ ಬಂದಿತ್ತು” ಎಂದರೆ ಅಧ್ಯಾಪಕನು ಏನು ಹೇಳಬೇಕು? ಹೌದೆನ್ನುವುದೂ ಸುಲಭ, ಅಲ್ಲವೆನ್ನುವುದೂ ಸುಲಭ. ಪರೀಕ್ಷಿಸಿ ಹೇಳುವುದು ಮಾತ್ರ ಕಷ್ಟ. ಆ ಕಷ್ಟದ ಕೆಲಸವನ್ನು ಹಲವು ದಶಕಗಳಿಂದ ಸಂಬಳವಿಲ್ಲದೆ ಮಾಡುತ್ತ ಬಂದಿರುವ ಕೆಲವು ಹವ್ಯಾಸಿಗಳ ವಿಷಯವನ್ನು ಇಲ್ಲಿ ನಿರೂಪಿಸಲಾಗಿದೆ.

ಮೊದಲಿಗೆ ಲಕ್ಷಣ. ಟಾರ್ನೇಡೊ ಎಂದರೆ ಮೋಡದ ತಳದಿಂದ ನೆಲದವರೆಗೆ ವ್ಯಾಪಿಸಿ ಅತಿ ರಭಸದಿಂದ ಸುತ್ತುವ ವಾಯುಸ್ತಂಭ. ಮೇಲ್ತುದಿ ಮೋಡಕ್ಕೂ ಕೆಳತುದಿ ನೆಲಕ್ಕೂ ತಗಲಿರಲೇಬೇಕು. ಆಲಿಕೆಯ ಆಕಾರದ ಮೋಡವೊಂದು ಜೋತುಬಿದ್ದು, ಅದರ ಸುಳಿ ನೆಲವನ್ನು ಮುಟ್ಟದಿದ್ದರೆ ಅದು ಟಾರ್ನೇಡೊ ಅಲ್ಲ. ನಮ್ಮ ಹೊಲಗಳ ಧೂಳಿನ ಸುಳಿಯು ಕಾದ ನೆಲದಿಂದ ಹುಟ್ಟಿ ಮೇಲಕ್ಕೇರತಕ್ಕದ್ದು. ಅದಕ್ಕೆ ಮೋಡದ ಹಂಗಿಲ್ಲ, ನಿರ್ಮಲವಾದ ಆಕಾಶದ ಕೆಳಗೇ ಅದು ಆಡುತ್ತದೆ.

ಟಾರ್ನೇಡೊ ಅಮೆರಿಕದ ಸೊತ್ತೆಂದು ಅನೇಕರು ತಿಳಿದಿದ್ದಾರೆ. ಬ್ರಿಟನ್ನಿನಲ್ಲಿಯೂ ವರ್ಷಕ್ಕೆ ಸರಾಸರಿ ಸುಮಾರು 30 ಟಾರ್ನೇಡೊಗಳು ವರದಿಯಾಗುತ್ತವೆ ಎಂದರೆ ಆಶ್ಚರ್ಯವಾದೀತು. ಅವುಗಳಲ್ಲಿ ಬಹುಪಾಲು ದುರ್ಬಲವಾದುವು. ಕೆಲವೇ ನಿಮಿಷಗಳ ಆಯುಸ್ಸಿನವು. ಅಗಲ ಕೆಲವು ಹತ್ತು ಮೀಟರುಗಳು. ಇಂಥದು ಹವಾಮಾನ ಕೇಂದ್ರದ ಗಾಳಿಮಾಪಕದ ಮೇಲೆಯೇ ಹಾದುಹೋಗಬೇಕೆಂದರೆ ಅದು ಕಾಕತಾಳೀಯವೇ ಸರಿ. ಆದಕಾರಣ ಅದರ ಅಸ್ತಿತ್ವಕ್ಕೆ ಆಧಾರವೆಂದರೆ ಕಂಡವರ ಮಾತು ಮತ್ತು ಅದು ನೆಲದ ಮೇಲೆ ಬಿಟ್ಟುಹೋದ ಗುರುತು, ಇವೆರಡೇ. ಇದನ್ನು ಮನಗಂಡು ಭೌತವಿಜ್ಞಾನಿ ಟೆರೆನ್ಸ್ ಮೀಡನ್ ಅವರು 1974ರಲ್ಲಿ ‘ಟಾರೋ’ ಎಂಬ ಸಂಕ್ಷಿಪ್ತನಾಮದ ಟಾರ್ನೇಡೊ ಮತ್ತು ಬಿರುಗಾಳಿ ಸಂಶೋಧನ ಸಂಸ್ಥೆಯನ್ನು ಸ್ಥಾಪಿಸಿದರು. ಗಾಳಿಯ ಬಲವನ್ನು ಸೂಚಿಸಲು 0ಯಿಂದ 10ರವರೆಗಿನ ಒಂದು ಮಾಪಕವನ್ನೂ ರೂಪಿಸಿದರು. ಸ್ವಯಂಸೇವಕರ ಉತ್ಸಾಹವೇ ಈ ಸಂಸ್ಥೆಯ ಬಂಡವಾಳ.

ಎಲ್ಲಿಂದಲಾದರೂ ಸುದ್ದಿ ಬಂದಿತೆಂದರೆ ಹವ್ಯಾಸಿಯು ಆದಷ್ಟು ಬೇಗ ಸ್ಥಳಕ್ಕೆ ಹೋಗಬೇಕು. ಬಿದ್ದ ಮರಗಳನ್ನು ಗರಗಸದಿಂದ ಕೊಯ್ದು ಸಾಗಿಸುವ ಮೊದಲು, ಹಾರಿಹೋದ ಹಂಚಿನ ಜಾಗದಲ್ಲಿ ಹೊಸ ಹಂಚು ಕೂಡುವ ಮೊದಲು ಅವನು ಅಲ್ಲಿರಬೇಕು. ಮರದ ಬುಡ ಎಲ್ಲಿ, ತಲೆ ಯಾವ ದಿಕ್ಕಿಗೆ, ಮುರಿದಿದೆಯೋ ಬುಡಮೇಲಾಗಿದೆಯೋ, ಹಾನಿಯ ಪಟ್ಟಿಯ ಅಗಲವೆಷ್ಟು, ಉದ್ದವೆಷ್ಟು, ಪಟ್ಟಿಯ ಆಚೆಗೆ ಏನೂ ಆಗದೆ ಉಳಿದ ವಸ್ತುಗಳಾವುವು, ಇವನ್ನೆಲ್ಲ ನಕ್ಷೆಯ ಮೇಲೆ ಗುರುತಿಸಬೇಕು. ಕಂಡವರ ಮಾತನ್ನು ಬೇರೆ ಬೇರೆಯಾಗಿ ಕೇಳಿ ಬರೆದುಕೊಳ್ಳಬೇಕು. “ರೈಲುಗಾಡಿ ಬಂದಂತೆ ಸದ್ದಾಯಿತು” ಎಂದು ಬಹುಮಂದಿ ಹೇಳುತ್ತಾರೆ. ಅದು ಸುಳ್ಳಲ್ಲ, ಆದರೆ ನೇರವಾಗಿ ಬೀಸುವ ಪ್ರಬಲ ಗಾಳಿಯೂ ಹಾಗೆಯೇ ಮೊರೆಯುವುದರಿಂದ ಅದೊಂದೇ ಪ್ರಮಾಣವಾಗಲಾರದು. “ಕಪ್ಪು ಸೊಂಡಿಲು ಇಳಿದಿತ್ತು” ಎಂದವನನ್ನು ಕೇಳಬೇಕಾದ ಪ್ರಶ್ನೆ ಒಂದೇ: ಅದು ಸುತ್ತುತ್ತಿದ್ದಿತೇ? ದೂರದ ಮಳೆಯ ಕಂಬ, ಬಿರುಗಾಳಿಯ ಅಡಿಯಲ್ಲಿ ಹರಿದು ಜೋಲುವ ಮೋಡದ ಚೂರು, ಕಾರ್ಖಾನೆಯ ಹೊಗೆ ಇವೆಲ್ಲವೂ ಸೊಂಡಿಲಿನಂತೆ ತೋರಬಲ್ಲವು.

ಮರಗಳು ಬಿದ್ದ ದಿಕ್ಕಿಗೆ ಇಷ್ಟು ಮಹತ್ವವೇಕೆಂಬುದನ್ನು ತೋರಿಸಿಕೊಟ್ಟವರಲ್ಲಿ ಅಗ್ರಗಣ್ಯರು ಜಪಾನಿನಲ್ಲಿ ಹುಟ್ಟಿ ಷಿಕಾಗೋವಿನಲ್ಲಿ ಕೆಲಸಮಾಡಿದ ಟೆಟ್ಸುಯಾ ಫುಜಿಟಾ. 1945ರಲ್ಲಿ ಅಣುಬಾಂಬು ಬಿದ್ದ ನಾಗಾಸಾಕಿ, ಹಿರೋಷಿಮಾಗಳಿಗೆ ಹೋಗಿ ಅಲ್ಲಿಯ ವಿನಾಶದ ವಿನ್ಯಾಸವನ್ನು ಅವರು ಕಣ್ಣಾರೆ ಕಂಡಿದ್ದರು. 1974ರ ಏಪ್ರಿಲ್ 3 ಮತ್ತು 4ರಂದು ಅಮೆರಿಕದಲ್ಲಿ 148 ಟಾರ್ನೇಡೊಗಳು ಎದ್ದಾಗ ಅವರು ವಿಮಾನದಲ್ಲಿ ಸುತ್ತಿ ಹಾನಿಯ ಗುರುತುಗಳನ್ನು ಪರಿಶೀಲಿಸಿದರು. ಕೆಲವೆಡೆ ಮರಗಳು ಸುಳಿಯಾಗಿ ಬಿದ್ದಿರದೆ, ಒಂದು ಬಿಂದುವಿನಿಂದ ನಕ್ಷತ್ರದ ಕಿರಣಗಳಂತೆ ಹೊರಮುಖವಾಗಿ ಚೆಲ್ಲಿದ್ದವು. ಅದು ಟಾರ್ನೇಡೊವಿನ ಕೆಲಸವಲ್ಲ. ಕೊಡದ ನೀರನ್ನು ಕಲ್ಲುಹಾಸಿನ ಮೇಲೆ ಸುರಿದಾಗ ಅದು ಸುತ್ತಲೂ ಚಿಮ್ಮುವಂತೆ, ಗುಡುಗುಮೋಡದಿಂದ ಕುಸಿದ ತಂಪು ಗಾಳಿಯು ನೆಲಕ್ಕೆ ಬಡಿದು ಎಲ್ಲ ದಿಕ್ಕಿಗೂ ಹರಡಿತ್ತು. ಮರುವರ್ಷ, 1975ರ ಜೂನ್ 24ರಂದು, ನ್ಯೂಯಾರ್ಕಿನಲ್ಲಿ ಇಳಿಯುತ್ತಿದ್ದ ವಿಮಾನವೊಂದು ನೆಲಕ್ಕಪ್ಪಳಿಸಿ ನೂರಕ್ಕೂ ಹೆಚ್ಚು ಜನ ಮೃತರಾದಾಗ, ಇಂಥ ಕುಸಿಗಾಳಿಯೇ ಕಾರಣವೆಂದು ಫುಜಿಟಾ ವಾದಿಸಿದರು. ಹಲವರು ಮೊದಲು ನಂಬಲಿಲ್ಲ. ಮುಂದೆ ರೇಡಾರ್ ವೀಕ್ಷಣೆಗಳು ಅವರ ಮಾತನ್ನು ಸಮರ್ಥಿಸಿದುವು. ವಿಮಾನ ನಿಲ್ದಾಣಗಳಲ್ಲಿ ಇದನ್ನು ಪತ್ತೆಮಾಡುವ ಸಾಧನಗಳೂ ಬಂದುವು. “ಇದು ಸುಂಟರಗಾಳಿಯಲ್ಲ” ಎಂಬ ನಿರ್ಣಯವು ಬರಿಯ ನಿರಾಕರಣೆಯಲ್ಲ, ಮತ್ತೊಂದು ಸತ್ಯದ ಬಾಗಿಲಾಗಬಲ್ಲುದು ಎಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಸಿಕ್ಕಲಾರದು.

ಸುಳಿಯ ಗುರುತು ಇದಕ್ಕೆ ವಿರುದ್ಧ. ಅಲ್ಲಿ ಹಾನಿಯು ಇಕ್ಕಟ್ಟಾದ ಓಣಿಯಂತೆ ಸಾಗುತ್ತದೆ. ಓಣಿಯ ಎರಡು ಬದಿಯ ಮರಗಳು ನಡುಗೆರೆಯ ಕಡೆಗೆ ಓರೆಯಾಗಿ ಒರಗಿರುತ್ತವೆ. ಸುಳಿಯು ಬಹು ವೇಗವಾಗಿ ಮುಂದೆ ಓಡುತ್ತಿದ್ದರೆ ಬಹುಪಾಲು ಮರಗಳು ಒಂದೇ ದಿಕ್ಕಿಗೆ ಬಿದ್ದು ಪರೀಕ್ಷಕನನ್ನು ಗೊಂದಲಕ್ಕೀಡುಮಾಡುವುದೂ ಉಂಟು. ಆದುದರಿಂದಲೇ ‘ಖಚಿತ’ ಮತ್ತು ‘ಸಂಭಾವ್ಯ’ ಎಂಬ ಬೇರೆ ಬೇರೆ ವರ್ಗಗಳು ಬೇಕಾಗುತ್ತವೆ.

ಇನ್ನು ಎಣಿಕೆಯ ಕಷ್ಟ. 1981ರ ನವೆಂಬರ್ 23ರಂದು ಶೀತಮುಖವೊಂದು ಬ್ರಿಟನ್ನಿನ ಪಶ್ಚಿಮ ತೀರದಿಂದ ಪೂರ್ವ ತೀರದವರೆಗೆ ಹಾದುಹೋಯಿತು. ಟಾರೋ ಸಂಸ್ಥೆಯವರು ವ್ಯಾಪಕವಾಗಿ ಮಾಹಿತಿ ಸಂಗ್ರಹಿಸಿದಾಗ ಆ ಒಂದೇ ದಿನದ 104 ವರದಿಗಳು ಕೈಸೇರಿದುವು. ಆ ದೇಶದ ಚರಿತ್ರೆಯಲ್ಲಿ ಅಷ್ಟು ದೊಡ್ಡ ಸಂಖ್ಯೆ ಮತ್ತೊಂದಿಲ್ಲ. ಸಂಶಯ ಸಹಜವಾದುದು: ಒಂದೇ ಸುಳಿಯನ್ನು ಎರಡು ಹಳ್ಳಿಯವರು ಕಂಡು ಎರಡಾಗಿ ಬರೆಸಿರಬಾರದೇಕೆ? 2016ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ ವಿಜ್ಞಾನಿಗಳು ಈ ಪಟ್ಟಿಯನ್ನು ಮತ್ತೆ ಕೈಗೆತ್ತಿಕೊಂಡರು. ಒಂದನ್ನೇ ಎರಡು ಬಾರಿ ಹೇಳಿರಬಹುದಾದ ವರದಿಗಳನ್ನು ತೆಗೆದುಹಾಕಿದಾಗ, ಬಿಗಿಯಾಗಿ ಎಣಿಸಿದರೆ 58, ಸಡಿಲವಾಗಿ ಎಣಿಸಿದರೆ 90 ಟಾರ್ನೇಡೊಗಳು ಉಳಿದುವು. ಅಷ್ಟಕ್ಕೇ ಅವರು ನಿಲ್ಲಲಿಲ್ಲ. ಅಂದಿನ ಶೀತಮುಖವನ್ನು ಗಣಕಯಂತ್ರದಲ್ಲಿ 200 ಮೀಟರಿನ ಸೂಕ್ಷ್ಮ ಜಾಲದ ಮೇಲೆ ಮರುಸೃಷ್ಟಿಸಿ, ಟಾರ್ನೇಡೊವಿಗೆ ಜನ್ಮವೀಯಬಲ್ಲ ಸುಳಿಗಳೆಷ್ಟಿದ್ದುವೆಂದು ಎಣಿಸಿದರು. ಆ ಜಾಲದ ಕ್ಷೇತ್ರದೊಳಗೆ ನಂಬತಕ್ಕ ವರದಿಗಳು ಕನಿಷ್ಠ 22, ಗರಿಷ್ಠ 44. ಗಣಕವು ತೋರಿಸಿದ ತಾಯಿಸುಳಿಗಳು 30. ಅಂತೂ 90 ಎಂಬ ಸಂಖ್ಯೆ ಅಸಂಭವವಲ್ಲವೆಂದು ತೀರ್ಮಾನವಾಯಿತು. ಮೂವತ್ತೈದು ವರ್ಷಗಳ ಹಿಂದೆ ಸಾಮಾನ್ಯ ಜನರು ಹೇಳಿದುದು ಬಹುಮಟ್ಟಿಗೆ ನಿಜವಿದ್ದಿತು. ಹೇಳಿದ ದಿನವೇ ಯಾರೋ ಅದನ್ನು ಶ್ರದ್ಧೆಯಿಂದ ಬರೆದಿಡದಿದ್ದರೆ ಪರೀಕ್ಷಿಸಲು ಏನೂ ಉಳಿದಿರುತ್ತಿರಲಿಲ್ಲ.

ಇಲ್ಲೊಂದು ನಾಜೂಕಾದ ಸಂಗತಿಯಿದೆ. ಮನೆಯ ಮಾಡು ಕಳೆದುಕೊಂಡವನಿಗೆ, ಬಂದದ್ದು ಸುಂಟರಗಾಳಿಯಲ್ಲ ಎಂದರೆ ತನ್ನ ನಷ್ಟವನ್ನೇ ಹಗುರಮಾಡಿದಂತೆ ಕೇಳಿಸುತ್ತದೆ. ಅನುಭವಕ್ಕೆ ಶಾಸ್ತ್ರಕ್ಕಿಂತ ಮೇಲಿನ ಸ್ಥಾನವಿತ್ತ ಶರಣರ ಪರಂಪರೆಯಲ್ಲಿ ಬೆಳೆದ ನಮಗಂತೂ ಕಂಡವನ ಮಾತನ್ನು ತಳ್ಳಿಹಾಕುವುದು ಶೋಭಿಸದು. ಆದರೆ ಅನುಭವವನ್ನು ಮಂಟಪಕ್ಕೆ ತಂದು ಚರ್ಚೆಗೊಡ್ಡಿದವರೂ ಅವರೇ. ಅವನು ಕಂಡದ್ದು ನಿಜ, ಕೆಟ್ಟ ಗಾಳಿ ನಿಜ, ಬಿದ್ದ ಮಾಡೂ ನಿಜ, ಹೆಸರೊಂದೇ ಬೇರೆ. ಕುಸಿಗಾಳಿಯು ದುರ್ಬಲ ಟಾರ್ನೇಡೊವಿಗಿಂತ ಹೆಚ್ಚು ಹಾನಿ ಮಾಡಬಲ್ಲುದೆಂಬುದನ್ನೂ ಅವನಿಗೆ ತಿಳಿಸಬೇಕು.

ನಮ್ಮ ದೇಶಕ್ಕೆ ಟಾರ್ನೇಡೊ ಅಪರಿಚಿತವೇನಲ್ಲ. 1978ರ ಮಾರ್ಚ್ 17ರಂದು ಉತ್ತರ ದೆಹಲಿಯ ವಿಶ್ವವಿದ್ಯಾನಿಲಯದ ಪರಿಸರದಲ್ಲಿ ಎದ್ದ ಟಾರ್ನೇಡೊವಿನಿಂದ 28 ಮಂದಿ ಅಸುನೀಗಿದರು. ನಮ್ಮ ನಾಡಿನಲ್ಲಿ ಏಪ್ರಿಲ್, ಮೇ ತಿಂಗಳುಗಳ ಗುಡುಗು ಮಳೆಯಲ್ಲಿ ತೋಟಗಳು ನೆಲಕಚ್ಚುವ ಸಂದರ್ಭಗಳಲ್ಲಿ ಕುಸಿಗಾಳಿಯನ್ನೇ ಮೊದಲು ಶಂಕಿಸುವುದು ಯುಕ್ತವೆಂದು ನನ್ನ ಅಭಿಪ್ರಾಯ. ಶಂಕೆಯನ್ನು ಬಗೆಹರಿಸಲು ಪ್ರೌಢಶಾಲೆಯ ಮಕ್ಕಳಿಗೆ ಬೇಕಾದುದು ಒಂದು ದಿಕ್ಸೂಚಿ, ಒಂದು ಅಳತೆಯ ಹಗ್ಗ, ಗೆರೆಯುಳ್ಳ ಕಾಗದ. ತೋಟದ ಯಜಮಾನರ ಅಪ್ಪಣೆ ಪಡೆದು, ತುಂಡಾದ ವಿದ್ಯುತ್ ತಂತಿ ಇಲ್ಲವೆಂದು ಖಚಿತಪಡಿಸಿಕೊಂಡ ಬಳಿಕವೇ ಮಕ್ಕಳನ್ನು ಒಳಗೆ ಬಿಡತಕ್ಕದ್ದು. ಬಿದ್ದ ಒಂದೊಂದು ಮರಕ್ಕೂ ಬುಡದಿಂದ ತುದಿಯ ಕಡೆಗೆ ಒಂದೊಂದು ಬಾಣದ ಗುರುತು ಹಾಕಿಸಬೇಕು. ಬೀಳದೆ ನಿಂತ ಮರಕ್ಕೆ ಒಂದು ಸೊನ್ನೆ. ನೂರು ಬಾಣಗಳಾದ ಮೇಲೆ ಕಾಗದವನ್ನು ಗೋಡೆಗೆ ತೂಗುಹಾಕಿ ದೂರದಿಂದ ನೋಡಲಿ. ಬಾಣಗಳು ಬೀಸಣಿಗೆಯಂತೆ ಹರಡಿದ್ದರೆ ಒಂದು ಉತ್ತರ, ಒಂದು ಗೆರೆಯ ಕಡೆಗೆ ಕೂಡಿಬಂದಿದ್ದರೆ ಇನ್ನೊಂದು. ಎರಡೂ ಅಲ್ಲವೆಂದು ತೋರಿದರೆ ನಕ್ಷೆಯ ಕೆಳಗೆ ‘ನಿರ್ಣಯವಾಗಿಲ್ಲ’ ಎಂದು ಬರೆದು, ತಾರೀಖು, ವೇಳೆ, ಊರಿನ ಹೆಸರುಗಳೊಡನೆ ಶಾಲೆಯ ಕಪಾಟಿನಲ್ಲಿ ಇಡತಕ್ಕದ್ದು.