ಸ್ಪೇಸ್‌ಬಾರ್ ಬಿಡಿ, ಕಾಲಂ ಹಾಕಿ

ಸಂಘದ ಸ್ಮರಣ ಸಂಚಿಕೆಯನ್ನೋ ಶಾಲೆಯ ವಾರ್ಷಿಕ ಪತ್ರಿಕೆಯನ್ನೋ ವರ್ಡ್‌ನಲ್ಲಿ ಸಿದ್ಧಪಡಿಸುವವರೇ, ಪುಟವನ್ನು ಎರಡು ಕಾಲಂ ಮಾಡಲು ದಯವಿಟ್ಟು ಸ್ಪೇಸ್‌ಬಾರ್ ಒತ್ತುತ್ತಾ ಹೋಗಬೇಡಿ. ಕನ್ನಡದ ಫಾಂಟ್‌ಗಳಲ್ಲಿ ಒಂದೊಂದು ಅಕ್ಷರಕ್ಕೂ ಒಂದೊಂದು ಅಗಲ. ಫಾಂಟ್ ಬದಲಿಸಿದ ಕೂಡಲೇ ಸಾಲೆಲ್ಲ ಚೆಲ್ಲಾಪಿಲ್ಲಿ. ಲೇಔಟ್ ಮೆನುವಿನಲ್ಲಿ ಕಾಲಮ್ಸ್, ಅದರೊಳಗೆ ಮೋರ್ ಕಾಲಮ್ಸ್ ತೆರೆದು, ಅಗಲ ಸಮನಾಗಿರಲಿ ಎಂಬ ಚೌಕಕ್ಕೆ ಗುರುತು ಹಾಕಿದರೆ ಆಯಿತು.

ಎಷ್ಟು ಕಾಲಂ? ಎ4 ಹಾಳೆಗೆ ಎರಡೇ ಸಾಕು. ಪ್ರತ್ಯಯ, ಸಂಧಿಗಳೆಲ್ಲ ಸೇರಿ ನಮ್ಮ ಪದಗಳು ಉದ್ದವಾಗುತ್ತವೆ. ‘ಮಾಡಿಕೊಳ್ಳಬೇಕಾಗಿದ್ದರಿಂದ’ ಎಂಬಂಥದ್ದು ಕಿರಿದಾದ ಕಾಲಂನಲ್ಲಿ ಹಿಡಿಸದೆ ಕೆಳಗಿನ ಸಾಲಿಗೆ ಜಾರುತ್ತದೆ. ಜಸ್ಟಿಫೈ ಬೇರೆ ಹಾಕಿದ್ದರೆ, ಮೇಲೆ ಉಳಿದ ಎರಡು ಪದಗಳ ನಡುವೆ ಅಷ್ಟಗಲ ಖಾಲಿ ಜಾಗ. ಮೂರು ಕಾಲಂ ಬೇಕೇ ಬೇಕೆಂದರೆ ಎಡ ಅಂಚಿಗೆ ಮಾತ್ರ ಹೊಂದಿಸಿ. ಓದುವವರ ಕಣ್ಣಿಗೆ ಅದೇ ಹಿತ.

ಬರಹವನ್ನು ಮುಂದಿನ ಕಾಲಂಗೆ ದಾಟಿಸಲು ಎಂಟರ್ ಮೇಲೆ ಎಂಟರ್ ಬೇಡ. ಕಂಟ್ರೋಲ್, ಶಿಫ್ಟ್, ಎಂಟರ್ ಒಟ್ಟಿಗೆ ಒತ್ತಿ, ಲಿಬ್ರೆಆಫೀಸ್‌ನಲ್ಲೂ ಇದೇ. ಕೊನೆಯ ಪುಟದಲ್ಲಿ ಎಡ ಕಾಲಂ ತುಂಬಿ ಬಲದ್ದು ಬರಿದಾಗಿದ್ದರೆ, ವರ್ಡ್‌ನಲ್ಲಿ ಬರಹದ ಕೊನೆಗೆ ಕಂಟಿನ್ಯುಯಸ್ ಸೆಕ್ಷನ್ ಬ್ರೇಕ್ ಹಾಕಿ. ಎರಡೂ ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ಬರುತ್ತವೆ.