ಸಿಕ್ಲಿಡ್ ಮೀನಿಗೆ ತಕ್ಕ ಗಾಜಿನ ಮನೆ

ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನುಗಳನ್ನು ಸಾಕುವ ಹವ್ಯಾಸವು ಈಗ ಪಟ್ಟಣಗಳನ್ನು ದಾಟಿ ಹಳ್ಳಿಗಳಿಗೂ ಬಂದಿದೆ. ಜೇವರ್ಗಿ ತಾಲೂಕಿನ ಕೊಳಕೂರದಲ್ಲಿರುವ ನಮ್ಮ ಮನೆಯ ಪಡಸಾಲೆಯಲ್ಲಿಯೂ ಅಂಥದೊಂದು ತೊಟ್ಟಿಯಿದೆ. ಮೊದಲು ಅದರ ತಳಕ್ಕೆ ಬಣ್ಣದ ಹರಳು ಹಾಸಿ, ನಾಲ್ಕಾರು ಹಸುರು ಗಿಡಗಳನ್ನು ನೆಟ್ಟು, ನಡುವೆ ಪ್ಲಾಸ್ಟಿಕ್ಕಿನ ಕೋಟೆಯೊಂದನ್ನಿಟ್ಟು, ಏಂಜಲ್ ಮೀನುಗಳೊಂದಿಗೆ ಆಫ್ರಿಕದ ಹಳದಿ, ನೀಲಿ ಸಿಕ್ಲಿಡ್ಡುಗಳನ್ನು ಬಿಟ್ಟಿದ್ದೆವು. ಒಂದು ವಾರದೊಳಗೆ ಗಿಡಗಳು ಬೇರುಸಹಿತ ಕಿತ್ತು ತೇಲಿದವು. ಏಂಜಲ್ ಮೀನುಗಳ ರೆಕ್ಕೆಗಳು ಹರಿದವು. ಈ ಮೀನಿನ ಜಾತಿಯೇ ದುಷ್ಟವೆಂದು ಮನೆಯವರೆಲ್ಲ ತೀರ್ಪು ಕೊಟ್ಟರು. ಆದರೆ ಸಿಕ್ಲಿಡ್ಡುಗಳ ವಿಷಯವನ್ನು ಓದಿ ನೋಡಿದ ಮೇಲೆ, ದೋಷವು ಮನೆ ಕಟ್ಟಿದ ನಮ್ಮದೆಂದು ತಿಳಿಯಿತು. ಆ ತಿಳಿವಳಿಕೆಯನ್ನು ವಾಚಕ ಮಿತ್ರರೊಂದಿಗೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಸಿಕ್ಲಿಡ್ ಎಂಬುದು ಒಂದು ಮೀನಿನ ಹೆಸರಲ್ಲ. ಅದೊಂದು ದೊಡ್ಡ ಕುಟುಂಬ. ಇದರಲ್ಲಿ ಈವರೆಗೆ 1,700ಕ್ಕೂ ಮಿಕ್ಕಿದ ಜಾತಿಗಳನ್ನು ವಿಜ್ಞಾನಿಗಳು ಹೆಸರಿಸಿದ್ದಾರೆ. ಆಫ್ರಿಕದ ಮಲಾವಿ, ಟಾಂಗನೀಕಾ, ವಿಕ್ಟೋರಿಯಾ ಸರೋವರಗಳೂ ದಕ್ಷಿಣ ಅಮೆರಿಕದ ನದಿಗಳೂ ಇವುಗಳ ಮುಖ್ಯ ನೆಲೆಗಳು. ನಮ್ಮ ದೇಶಕ್ಕೆ ಸಹಜವಾದವು ಮೂರೇ ಜಾತಿ. ಅವುಗಳಲ್ಲಿ ಒಂದು, 2010ರಲ್ಲಿ ಕೇರಳದ ರಾಜ್ಯಮೀನೆಂದು ಸಾರಲ್ಪಟ್ಟ ಕರಿಮೀನು. ಎರಡನೆಯದು ಕಿತ್ತಳೆ ಬಣ್ಣದ ಚಿಕ್ಕ ಕ್ರೊಮೈಡ್. ಮೂರನೆಯದನ್ನು ಫ್ರಾನ್ಸಿಸ್ ಡೇ ಎಂಬ ವಿದ್ವಾಂಸನು 1877ರಲ್ಲಿ ವರ್ಣಿಸಿ ಎಟ್ರೋಪ್ಲಸ್ ಕೆನರೆನ್ಸಿಸ್ ಎಂದು ಕರೆದನು. ದಕ್ಷಿಣ ಕನ್ನಡದ ಹೊಳೆಗಳಲ್ಲಿ ಬಾಳುವ ಈ ಮೀನಿನ ಹೆಸರಿನಲ್ಲಿಯೇ ನಮ್ಮ ಕೆನರಾ ನಾಡು ಸೇರಿಕೊಂಡಿರುವುದು ಕನ್ನಡಿಗರಿಗೆ ಸಂತೋಷದ ಸಂಗತಿ.

ಈ ಕುಟುಂಬದ ಮೀನುಗಳಿಗೆ ಮೂರು ಸ್ವಭಾವಗಳುಂಟು. ಮೊದಲನೆಯದು, ಉಸುಕನ್ನು ತೋಡುವುದು. ಎರಡನೆಯದು, ಒಂದು ಎಡೆಯನ್ನು ತನ್ನದೆಂದು ಹಿಡಿದು ಅದಕ್ಕಾಗಿ ಕಾದಾಡುವುದು. ಮೂರನೆಯದು, ಮರಿಗಳನ್ನು ಕಾಪಾಡುವುದು. ಮಲಾವಿಯ ಬಂಡೆವಾಸಿ ಸಿಕ್ಲಿಡ್ಡುಗಳಲ್ಲಿ ತಾಯಿಯು ತತ್ತಿಗಳನ್ನು ಬಾಯೊಳಗೇ ಇಟ್ಟುಕೊಂಡು ಮರಿಮಾಡುತ್ತದೆ. ಆ ದಿನಗಳಲ್ಲಿ ಅದು ಹೆಚ್ಚುಕಡಿಮೆ ಉಪವಾಸವೇ ಇರುತ್ತದೆ. ಕಾದಾಟವೂ ವಾತ್ಸಲ್ಯವೂ ಒಂದೇ ಜೀವಿಯಲ್ಲಿ ಹೀಗೆ ಕೂಡಿವೆ. 1973ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದವರಲ್ಲೊಬ್ಬರಾದ ಕೊನ್ರಾಡ್ ಲೊರೆನ್ಸ್ ಅವರು ಸಿಕ್ಲಿಡ್ಡುಗಳ ನಡತೆಯನ್ನು ಆಸ್ಥೆಯಿಂದ ಅಭ್ಯಸಿಸಿದರು.

ಇನ್ನು ನೀರಿನ ವಿಚಾರ. ಮಲಾವಿ ಸರೋವರದ ನೀರು ಕ್ಷಾರಗುಣದ್ದು; ಅದರ ಪಿ.ಎಚ್. ಅಂಕಿಯು ಸುಮಾರು 7.7ರಿಂದ 8.6ರವರೆಗೆ ಇರುತ್ತದೆ. ಏಂಜಲ್ ಮೀನಿನ ತೌರಾದ ಅಮೆಜಾನ್ ಕಣಿವೆಯ ನೀರು ಬಹುಮಟ್ಟಿಗೆ ಮೃದು, ತುಸು ಹುಳಿ. ಇವೆರಡನ್ನೂ ಒಂದೇ ತೊಟ್ಟಿಯಲ್ಲಿಟ್ಟದ್ದು ನಮ್ಮ ಮೊದಲ ತಪ್ಪು. ನಮ್ಮ ಕಲಬುರಗಿ ಸೀಮೆಯಲ್ಲಿ ಎಷ್ಟೋ ಬಾವಿ, ಬೋರುಗಳ ನೀರು ಗಡಸು. ಹಂಡೆಯ ತಳದಲ್ಲಿ ಬಿಳಿಯ ಪದರು ಕಟ್ಟುವುದನ್ನೂ, ತೊಗರಿಯ ನಾಡಿನಲ್ಲಿದ್ದೂ ಬೇಳೆ ಬೇಗ ಬೇಯದೆ ತಾಯಂದಿರು ಬೇಸರಪಡುವುದನ್ನೂ ನಾವೆಲ್ಲ ಕಂಡಿದ್ದೇವೆ. ಶಹಾಬಾದ, ಸೇಡಂ ಕಡೆಯ ಭೂಮಿಯಲ್ಲಿ ಹೇರಳವಾಗಿರುವ ಸುಣ್ಣಕಲ್ಲು ನೀರನ್ನು ಹೀಗೆ ಗಡಸುಗೊಳಿಸುತ್ತದೆ. ಬೇಳೆಗೆ ಒಗ್ಗದ ಈ ನೀರು ಮಲಾವಿಯ ಮೀನಿಗೆ ಮಾತ್ರ ತೌರಿನ ನೀರಿದ್ದಂತೆ! ಆದರೆ ಒಂದೊಂದು ಬೋರಿನ ನೀರು ಒಂದೊಂದು ತೆರನಾಗಿರುವುದರಿಂದ, ಪರೀಕ್ಷೆ ಮಾಡದೆ ಯಾವ ನೀರನ್ನೂ ನಂಬಬಾರದು. ಏಂಜಲ್ ಮೀನುಗಳನ್ನು ನಾವು ಪರಿಚಿತರೊಬ್ಬರಿಗೆ ಕೊಟ್ಟೆವು. ಅವರು ಊರಿನ ಶುದ್ಧ ಕುಡಿಯುವ ನೀರಿನ ಘಟಕದ ಮೃದು ನೀರನ್ನು ಬೋರಿನ ನೀರಿಗೆ ಬೆರೆಸಿ ಅವನ್ನು ಸಾಕುತ್ತಿದ್ದಾರೆ.

ಆ ಬಳಿಕ ತೊಟ್ಟಿಯ ಪುನಾರಚನೆಗೆ ಕೈಹಾಕಿದೆವು. ನಮ್ಮದು 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ. ಎಂದರೆ 9 ಘನ ಅಡಿ. ತುಂಬಿದರೆ ಸುಮಾರು 255 ಲೀಟರು. ನೀರಿನ ಭಾರವೇ ಎರಡೂವರೆ ಕ್ವಿಂಟಲಿಗೆ ಮಿಕ್ಕುವುದರಿಂದ ಕೆಳಗಿನ ಮೇಜು ಗಟ್ಟಿಯಾಗಿಯೂ ಸಮತಟ್ಟಾಗಿಯೂ ಇರಬೇಕು. ಬಣ್ಣದ ಹರಳನ್ನು ತೆಗೆದು, ಚೆನ್ನಾಗಿ ತೊಳೆದ ಹೊಳೆಯ ಉಸುಕನ್ನು ಹಾಕಿದೆವು. ಕೋಟೆಯ ಬದಲಿಗೆ, ಮನೆ ಕಟ್ಟುವಾಗ ಉಳಿದಿದ್ದ ಶಹಾಬಾದ ಫರಸಿಯ ತುಂಡುಗಳನ್ನು ಪೇರಿಸಿ ಗವಿಗಳನ್ನು ಮಾಡಿದೆವು. ಇಲ್ಲಿ ಒಂದು ನಿಯಮವನ್ನು ಮರೆಯಬಾರದು: ಮೊದಲು ಕಲ್ಲು, ಆಮೇಲೆ ಉಸುಕು. ಉಸುಕಿನ ಮೇಲೆ ಕಲ್ಲಿಟ್ಟರೆ ಮೀನು ಅದರಡಿಯನ್ನು ತೋಡುತ್ತದೆ. ಕಲ್ಲು ಉರುಳಿ ಮೀನು ಸಾಯಬಹುದು, ಗಾಜೂ ಒಡೆಯಬಹುದು. ಆದುದರಿಂದ ತಳದ ಗಾಜಿನ ಮೇಲೆ ಥರ್ಮೋಕೋಲಿನ ತೆಳು ಹಾಳೆ ಹಾಸಿ, ಅದರ ಮೇಲೆ ಅಲುಗದಂತೆ ಕಲ್ಲುಗಳನ್ನು ಕೂರಿಸಿ, ಸುತ್ತಲೂ ಉಸುಕು ತುಂಬಬೇಕು. ಗವಿಗಳು ಮೀನುಗಳ ಸಂಖ್ಯೆಗಿಂತ ಹೆಚ್ಚಿರಬೇಕು. ಒಂದು ಗವಿಯ ಬಾಗಿಲಿನಿಂದ ಇನ್ನೊಂದರ ಬಾಗಿಲು ಕಾಣದಂತಿರಬೇಕು. ಕಣ್ಣಿಗೆ ಬೀಳದ ನೆರೆಯವನೊಡನೆ ಜಗಳ ಕಡಿಮೆ.

ಇಷ್ಟೆಲ್ಲ ಮಾಡಿದ ನಾವು ಒಂದು ಘೋರ ತಪ್ಪನ್ನು ಮಾಡಿದೆವು. ಸ್ವಚ್ಛತೆಯ ಹುರುಪಿನಲ್ಲಿ ಹಳೆಯ ನೀರನ್ನೆಲ್ಲ ಚೆಲ್ಲಿ, ಶೋಧಕದ ಸ್ಪಂಜನ್ನು ಸಾಬೂನು ಹಚ್ಚಿ ತಿಕ್ಕಿ ತೊಳೆದೆವು. ನಾಲ್ಕು ದಿನಗಳಲ್ಲಿ ಐದು ಮೀನುಗಳು ಸತ್ತವು. ಸಾಬೂನಿನ ಅಂಶವೇ ಮೀನಿಗೆ ವಿಷ; ಅದಕ್ಕಿಂತ ದೊಡ್ಡ ನಷ್ಟ ಕಣ್ಣಿಗೆ ಕಾಣದ್ದು. ಮೀನಿನ ಮೈಯಿಂದ ಅಮೋನಿಯಾ ಹೊರಬರುತ್ತದೆ. ಸ್ಪಂಜಿನಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟಾಗಿಯೂ, ಬಳಿಕ ಅಷ್ಟೊಂದು ಕೇಡಿಲ್ಲದ ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಹೊಸ ತೊಟ್ಟಿಯಲ್ಲಿ ಈ ಜೀವಿಗಳು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕಾಗುತ್ತದೆ. ನಾವು ತೊಳೆದು ಚೆಲ್ಲಿದ್ದು ಆ ಜೀವಿಗಳನ್ನೇ. ಅದರ ಮೇಲೆ ನಮ್ಮ ಕ್ಷಾರದ ನೀರು. 25 ಡಿಗ್ರಿ ಉಷ್ಣತೆಯಲ್ಲಿ ಪಿ.ಎಚ್. 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ವಿಷರೂಪದ ಭಾಗವು ನೂರಕ್ಕೆ ಸುಮಾರು ಅರ್ಧ ಮಾತ್ರ, ಪಿ.ಎಚ್. 8 ಇದ್ದರೆ ಅದು ನೂರಕ್ಕೆ 5ಕ್ಕೂ ಮಿಕ್ಕುತ್ತದೆ. ಮೀನಿಗೆ ಹಿತವಾದ ನೀರೇ ನಮ್ಮ ಅಲಕ್ಷ್ಯದಿಂದ ಹತ್ತು ಪಾಲು ವಿಷವಾಯಿತು. ಈಗ ವಾರಕ್ಕೊಮ್ಮೆ ನಾಲ್ಕನೆಯ ಒಂದು ಭಾಗದ ನೀರನ್ನಷ್ಟೇ ಬದಲಿಸುತ್ತೇವೆ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಅದ್ದಿ ಹಿಂಡುತ್ತೇವೆ.

ಬೇಸಿಗೆಯು ಇನ್ನೊಂದು ಪರೀಕ್ಷೆ. ನಮ್ಮ ಜಿಲ್ಲೆಯ ಬಿಸಿಲು 40 ಡಿಗ್ರಿಯನ್ನು ಮೀರುವುದು ಹೊಸತಲ್ಲ. 25 ಡಿಗ್ರಿಯಲ್ಲಿ ಒಂದು ಲೀಟರು ನೀರು ಸುಮಾರು 8.2 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ, 35 ಡಿಗ್ರಿಯಲ್ಲಿ ಸುಮಾರು 7 ಮಿಲಿಗ್ರಾಂ ಮಾತ್ರ. ಆದುದರಿಂದ ತೊಟ್ಟಿಯನ್ನು ಕಿಟಕಿಯಿಂದ ದೂರವಿಟ್ಟು, ಮೇಲೆ ಬಲೆ ಮುಚ್ಚಿ, ನೀರಿನ ಮೇಲ್ಮೈಗೆ ಪಂಖದ ಗಾಳಿ ಬೀಸುವಂತೆ ಮಾಡಬೇಕು. ವಿದ್ಯುತ್ತು ಹೋದಾಗ ಬ್ಯಾಟರಿಯ ಗಾಳಿಯಂತ್ರವು ಜೀವ ಉಳಿಸುತ್ತದೆ. ಆವಿಯಾದಷ್ಟು ನೀರನ್ನು ಗಡಸು ನೀರಿನಿಂದಲೇ ತುಂಬುತ್ತ ಹೋದರೆ ಲವಣವು ಏರುತ್ತಲೇ ಇರುತ್ತದೆ. ಅದಕ್ಕೆ ಮೃದು ನೀರನ್ನೇ ಬಳಸಬೇಕು.

ಜಗಳವನ್ನು ತಗ್ಗಿಸಲು ಒಂದು ಗಂಡಿಗೆ ಮೂರು ನಾಲ್ಕು ಹೆಣ್ಣುಗಳಿರುವುದು ಒಳ್ಳೆಯದು. ಹೊಸ ಮೀನನ್ನು ಬಿಡುವ ದಿನ ಕಲ್ಲುಗಳ ಜೋಡಣೆಯನ್ನೇ ಬದಲಿಸಬೇಕು. ಆಗ ಹಳಬರ ಗಡಿಗಳೂ ಅಳಿಸಿಹೋಗಿ, ಎಲ್ಲರೂ ಒಮ್ಮೆಗೇ ಹೊಸ ಒಕ್ಕಲಾಗುತ್ತಾರೆ.

ಕೊನೆಯದಾಗಿ, ಬೇಸರವಾದ ಮೀನುಗಳನ್ನು ಬಾವಿಗೋ ಭೀಮೆಗೋ ಬಿಡುವ ಯೋಚನೆ ಯಾರಿಗೂ ಬಾರದಿರಲಿ. ಆಫ್ರಿಕದ ಸಿಕ್ಲಿಡ್ಡೇ ಆದ ತಿಲಾಪಿಯವನ್ನು 1952ರಲ್ಲಿ ಆಹಾರಕ್ಕೆಂದು ಭಾರತಕ್ಕೆ ತಂದರು. ಬಾಯಲ್ಲಿ ತತ್ತಿ ಕಾಯುವ ಅದರ ಜಾಣತನದಿಂದಲೇ ಅದು ದೇಶದ ಕೆರೆ ಜಲಾಶಯಗಳಲ್ಲಿ ಹಬ್ಬಿ, ಎಷ್ಟೋ ಕಡೆ ನಾಡಮೀನುಗಳಿಗೆ ಎದುರಾಳಿಯಾಗಿ ನಿಂತಿದೆ. ಬಿಟ್ಟ ಮೀನನ್ನು ಮರಳಿ ಹಿಡಿಯುವುದು ಯಾರಿಂದಲೂ ಆಗದ ಮಾತು.

ಈಗ ನಮ್ಮ ತೊಟ್ಟಿಯಲ್ಲಿ ಹಸುರು ಗಿಡವಿಲ್ಲ, ಕೋಟೆಯಿಲ್ಲ. ಬೂದು ಬಣ್ಣದ ಫರಸಿ, ಹೊಳೆಯ ಉಸುಕು, ಬೋರಿನ ನೀರು, ಇಷ್ಟೇ. ಕಳೆದ ತಿಂಗಳು ಹಳದಿ ಮೀನೊಂದು ಆಹಾರ ಮುಟ್ಟದೆ, ಗಂಟಲು ಉಬ್ಬಿಸಿಕೊಂಡು ಗವಿಯ ಮೂಲೆಯಲ್ಲಿ ನಿಂತಿತ್ತು. ರೋಗವೆಂದು ನಾವು ಹೆದರಿದೆವು. ಮೂರು ವಾರದ ಮೇಲೆ ಕಲ್ಲಿನ ಸಂದಿನಿಂದ ಎಳ್ಳಿಗಿಂತ ತುಸು ದೊಡ್ಡ ಕಣ್ಣುಗಳ ಮರಿಗಳು ಹೊರಗಿಣುಕಿದವು. ದುಷ್ಟ ಜಾತಿಯೆಂದು ತೀರ್ಪು ಕೊಟ್ಟವರೇ ಈಗ ಸಂಜೆಯಾದರೆ ತೊಟ್ಟಿಯ ಮುಂದೆ ಚಾಪೆ ಹಾಸಿ ಕೂಡುತ್ತಾರೆ.