ಹೈನುಗಾರರ ಮನೆಗೆ ಸೌದೆ ಒಲೆ: ಆಯ್ಕೆ ಮತ್ತು ಬಳಕೆ



ಹೈನು ಇರುವ ಮನೆಯಲ್ಲಿ ಸಾಮಾನ್ಯವಾಗಿ ಒಂದೇ ಒಲೆ ಇರುವುದಿಲ್ಲ. ಅಡುಗೆಮನೆಯಲ್ಲಿ ಒಂದು, ಬಚ್ಚಲಲ್ಲಿ ಹಂಡೆಗೆ ಒಂದು, ಕೊಟ್ಟಿಗೆಯ ಮಗ್ಗುಲಲ್ಲಿ ಹುರುಳಿ ಬೇಯಿಸಲು ಮೂರು ಕಲ್ಲು ಇಟ್ಟದ್ದು ಇನ್ನೊಂದು. 2016ರಲ್ಲಿ ಪ್ರಧಾನಮಂತ್ರಿ ಉಜ್ವಲಾ ಯೋಜನೆ ಪ್ರಾರಂಭವಾದ ಮೇಲೆ ಅಡುಗೆ ಅನಿಲ ಬಹಳ ಮನೆಗಳಿಗೆ ಬಂದಿದೆ. ಆದರೂ ಸ್ನಾನದ ನೀರಿಗೆ, ದನದ ಬೇಯಿಸುವ ಮೇವಿಗೆ, ಹಬ್ಬ ಹರಿದಿನದ ದೊಡ್ಡ ಅಡುಗೆಗೆ ಸೌದೆಯೇ ಗತಿ ಎನ್ನುವ ಮನೆಗಳು ಕಡಿಮೆಯೇನಲ್ಲ. ತೋಟದಲ್ಲಿ ತೆಂಗಿನ ಗರಿ, ಹೊಲದಲ್ಲಿ ತೊಗರಿ ಕಡ್ಡಿ, ಹಿಪ್ಪುನೇರಳೆ ಕಡ್ಡಿ ಪುಕ್ಕಟೆ ಸಿಗುವಾಗ ಸಿಲಿಂಡರಿಗೆ ಹಣ ಏಕೆ ಎಂಬುದು ನ್ಯಾಯವಾದ ಮಾತೇ. ಆದರೆ ಪುಕ್ಕಟೆ ಎಂದುಕೊಂಡದ್ದಕ್ಕೆ ಮನೆಯ ಹೆಂಗಸರ ಕಣ್ಣು, ಎದೆ ಮತ್ತು ಹೊತ್ತು ಎಷ್ಟು ತೆರುತ್ತಿವೆ ಎಂಬುದನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಮನೆಯೊಳಗಿನ ಒಲೆ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಒಲೆಯನ್ನು ಬಿಡಲಾಗದಿದ್ದರೆ ಒಳ್ಳೆಯ ಒಲೆಯನ್ನಾದರೂ ಇಟ್ಟುಕೊಳ್ಳಬೇಕು.

ಸೌದೆ ಹೋಗುವುದೆಲ್ಲಿಗೆ?

ಒಂದು ಸಣ್ಣ ಲೆಕ್ಕ ಮಾಡೋಣ. ಹಂಡೆಯಲ್ಲಿ 40 ಲೀಟರ್ ನೀರಿದೆ. ಅದನ್ನು 35 ಡಿಗ್ರಿಯಷ್ಟು ಹೆಚ್ಚಿಗೆ ಬಿಸಿ ಮಾಡಲು 1,400 ಕಿಲೋಕ್ಯಾಲರಿ ಶಾಖ ಬೇಕು. ಚೆನ್ನಾಗಿ ಒಣಗಿದ ಒಂದು ಕಿಲೋ ಸೌದೆಯಲ್ಲಿ ಸುಮಾರು 4,000 ಕಿಲೋಕ್ಯಾಲರಿ ಶಾಖವಿರುತ್ತದೆ. ಹಾಗಾದರೆ 350 ಗ್ರಾಂ ಸೌದೆ ಸಾಕಾಗಬೇಕಿತ್ತು. ನಮ್ಮ ಬಚ್ಚಲ ಒಲೆಗೆ ಅಷ್ಟು ಸಾಲುತ್ತದೆಯೇ? ಇಲ್ಲ. ಏಕೆಂದರೆ ಹಳೆಯ ತೆರೆದ ಒಲೆಯಲ್ಲಿ ಹತ್ತು ಪಾಲು ಶಾಖದಲ್ಲಿ ಒಂದು ಪಾಲು ಮಾತ್ರ ಪಾತ್ರೆಗೆ ತಲುಪುತ್ತದೆ. ಆ ಲೆಕ್ಕದಲ್ಲಿ ಮೂರೂವರೆ ಕಿಲೋ ಸೌದೆ ಬೇಕು. ನಾಲ್ಕರಲ್ಲಿ ಒಂದು ಪಾಲು ತಲುಪಿಸುವ ಒಲೆಯಾದರೆ ಒಂದು ಕಿಲೋ 400 ಗ್ರಾಂ ಸಾಕು. ದಿನಕ್ಕೆ ಎರಡು ಕಿಲೋ ಉಳಿದರೂ ವರ್ಷಕ್ಕೆ 730 ಕಿಲೋ. ಅಷ್ಟು ಸೌದೆಯನ್ನು ಯಾರೋ ಕಡಿದು, ಹೊತ್ತು, ಸೀಳಬೇಕಾಗಿತ್ತು ಎಂಬುದು ನೆನಪಿರಲಿ.

ಉಳಿದ ಶಾಖ ಮೂರು ದಾರಿಯಲ್ಲಿ ಹೋಗುತ್ತದೆ. ಒಲೆಯ ಬಾಯಿ ಅಗಲವಾಗಿದ್ದರೆ ಬೇಡದಷ್ಟು ತಣ್ಣನೆಯ ಗಾಳಿ ಒಳನುಗ್ಗಿ ಬೆಂಕಿಯನ್ನು ತಣಿಸುತ್ತದೆ. ಪಾತ್ರೆಗೂ ಒಲೆಯ ಗೋಡೆಗೂ ನಡುವೆ ದೊಡ್ಡ ಸಂದಿದ್ದರೆ ಜ್ವಾಲೆ ಪಾತ್ರೆಯನ್ನು ತಾಗದೆಯೇ ಪಕ್ಕದಿಂದ ಮೇಲೆದ್ದು ಹೋಗುತ್ತದೆ. ಇನ್ನು ಹೊಗೆ. ಹೊಗೆಯೆಂದರೆ ಉರಿಯದೆ ಉಳಿದ ಸೌದೆಯೇ. ಕಣ್ಣು ಉರಿಸುವ ಹೊಗೆ ನಿಮ್ಮ ಸೌದೆಯ ನಷ್ಟವೂ ಹೌದು.

ಅಸ್ತ್ರ ಒಲೆ ಕಲಿಸಿದ್ದು

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿಯೇ 'ಅಸ್ತ್ರ' ಎಂಬ ವಿಭಾಗ ಪ್ರಾರಂಭವಾಯಿತು. ಅಲ್ಲಿ ರೂಪಿಸಿದ ಒಲೆಯೇ ಅಸ್ತ್ರ ಒಲೆ. ಮಣ್ಣಿನಲ್ಲಿ ಕಟ್ಟಿದ ಇದರಲ್ಲಿ ಸಾಲಾಗಿ ಮೂರು ಪಾತ್ರೆ ಕೂರುತ್ತವೆ. ಸೌದೆ ಹಾಕುವ ಬಾಯಿಗೆ ಮುಚ್ಚಳ, ಸೌದೆಯ ಕೆಳಗೆ ಕಬ್ಬಿಣದ ಜಾಲರಿ, ಜಾಲರಿಯ ಕೆಳಗಿನಿಂದ ಗಾಳಿ. ಮೊದಲ ಪಾತ್ರೆಯನ್ನು ಕಾಯಿಸಿದ ಬಿಸಿ ಹೊಗೆ ಎರಡನೆಯ ಮತ್ತು ಮೂರನೆಯ ಪಾತ್ರೆಯ ತಳವನ್ನು ಸವರಿಕೊಂಡು ಹೋಗಿ ಚಿಮಣಿಯಿಂದ ಹೊರಬೀಳುತ್ತದೆ. ಪ್ರಯೋಗಾಲಯದಲ್ಲಿ ಇದು ಶೇಕಡಾ 30ಕ್ಕೂ ಮಿಕ್ಕಿ ಶಾಖವನ್ನು ಪಾತ್ರೆಗೆ ಮುಟ್ಟಿಸಿತು.

1980ರ ದಶಕದಲ್ಲಿ ಕೇಂದ್ರ ಸರ್ಕಾರದ ಸುಧಾರಿತ ಒಲೆ ಕಾರ್ಯಕ್ರಮವೂ ಬಂದು 2002ರವರೆಗೆ ನಡೆಯಿತು. ಆಗ ಕಟ್ಟಿಸಿದ ಎಷ್ಟೋ ಒಲೆಗಳು ಕೆಲವೇ ವರ್ಷಗಳಲ್ಲಿ ಮೂಲೆ ಸೇರಿದವು. ದೋಷ ತತ್ವದಲ್ಲಿರಲಿಲ್ಲ. ಚಿಮಣಿಯ ಮಸಿ ತೆಗೆಯುವವರಿರಲಿಲ್ಲ. ಮನೆಯಲ್ಲಿದ್ದ ಪಾತ್ರೆಗೆ ಒಲೆಯ ತೂತು ಹೊಂದಲಿಲ್ಲವೆಂದು ತೂತನ್ನೇ ಒಡೆದು ದೊಡ್ಡದು ಮಾಡಿದರು. ನಮ್ಮ ಕಡೆ ಇನ್ನೊಂದು ತೊಂದರೆ ಮುದ್ದೆಯದು. ಕವೆಗೋಲು ಒತ್ತಿ ಹಿಡಿದು ಮುದ್ದೆ ತಿರುವುವ ಬಲಕ್ಕೆ ಮಣ್ಣಿನ ಒಲೆಯ ಅಂಚು ತಾಳುವುದಿಲ್ಲ. ಪಾತ್ರೆಯನ್ನು ಕೆಳಗಿಳಿಸಿ ತಿರುವಿದರೆ ಒಲೆ ಬಹಳ ಕಾಲ ಬಾಳುತ್ತದೆ. ಆದ್ದರಿಂದ ಒಲೆ ಕಟ್ಟುವವರನ್ನು ಕರೆಸಿದಾಗ ಅಡುಗೆ ಮಾಡುವವರನ್ನು ಪಕ್ಕದಲ್ಲಿ ಕೂರಿಸಿ, ದಿನಬಳಕೆಯ ಪಾತ್ರೆಗಳನ್ನು ಮುಂದಿಟ್ಟೇ ಅಳತೆ ತೆಗೆಸಬೇಕು. ಯಜಮಾನರು ಒಬ್ಬರೇ ನಿಂತು ಕಟ್ಟಿಸಿದ ಒಲೆ ಉಪಯೋಗಕ್ಕೆ ಬರುವುದು ಅಪರೂಪ.

ಮೊದಲು ಬಚ್ಚಲ ಒಲೆ

ಯಾವ ಒಲೆಯನ್ನು ಮೊದಲು ಬದಲಿಸಬೇಕು ಎಂದು ಕೇಳಿದರೆ ಬಚ್ಚಲ ಒಲೆ ಎನ್ನಬೇಕು. ಹಂಡೆ ಇಟ್ಟಲ್ಲಿಂದ ಕದಲುವುದಿಲ್ಲ, ಪಾತ್ರೆ ಬದಲಾಗುವ ತಾಪತ್ರಯವಿಲ್ಲ, ಸೌದೆ ಉಳಿತಾಯ ಬೇಗ ಕಣ್ಣಿಗೆ ಕಾಣುತ್ತದೆ. ಹಂಡೆಯ ಸುತ್ತ ಇಟ್ಟಿಗೆ ಮಣ್ಣಿನ ಗೋಡೆ ಎಬ್ಬಿಸಿ, ಹಂಡೆಗೂ ಗೋಡೆಗೂ ನಡುವೆ ಹೆಬ್ಬೆರಳು ತೂರುವಷ್ಟು ಮಾತ್ರ ಸಂದು ಬಿಡಬೇಕು. ಬಿಸಿ ಹೊಗೆ ಆ ಸಂದಿನಲ್ಲಿ ಹಂಡೆಯ ಮೈಯನ್ನು ಸುತ್ತಿ ಹಿಂಬದಿಯ ಚಿಮಣಿಗೆ ಹೋಗಬೇಕು. ತಳದಲ್ಲಿ ಜಾಲರಿ, ಅದರ ಕೆಳಗೆ ಬೂದಿ ಬೀಳಲು ಮತ್ತು ಗಾಳಿ ಬರಲು ಜಾಗ. ಜಾಲರಿಗೂ ಹಂಡೆಯ ತಳಕ್ಕೂ ಸುಮಾರು ಒಂದು ಗೇಣು ಇರಲಿ. ತೀರಾ ಹತ್ತಿರವಾದರೆ ಜ್ವಾಲೆ ತಣ್ಣನೆಯ ತಳಕ್ಕೆ ಬಡಿದು ಬರೀ ಮಸಿ ಕಟ್ಟುತ್ತದೆ. ಹಂಡೆಗೆ ಮುಚ್ಚಳ ಹಾಕಬೇಕೆಂದು ಬೇರೆ ಹೇಳಬೇಕಾಗಿಲ್ಲ, ಆದರೂ ಹಾಕದ ಮನೆಗಳೇ ಹೆಚ್ಚು!

ಚಿಮಣಿ ಮಾಡಿನ ನೆತ್ತಿಗಿಂತ ಮೇಲಿರಬೇಕು. ಕೆಳಗಿದ್ದರೆ ಗಾಳಿ ಬೀಸಿದಾಗ ಹೊಗೆ ಮನೆಯೊಳಕ್ಕೇ ತಿರುಗುತ್ತದೆ. ಗರಿ ಅಥವಾ ಹುಲ್ಲಿನ ಮಾಡಿನಲ್ಲಿ ಬರೀ ತಗಡಿನ ಕೊಳವೆಯನ್ನು ಹಾಯಿಸಬಾರದು. ಕಲ್ನಾರಿನ ಕೊಳವೆ ಈಗಾಗಲೇ ಇದ್ದರೆ ಅದನ್ನು ಗರಗಸದಿಂದ ಕೊಯ್ಯುವುದಾಗಲಿ ಒಡೆಯುವುದಾಗಲಿ ಮಾಡಬೇಡಿ. ಅದರ ಧೂಳು ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು.

ಹಂಡೆಯ ನೀರಿನಿಂದ ಹಾಲಿನ ಕೆಲಸಕ್ಕೂ ಪ್ರಯೋಜನವಿದೆ. ರಾತ್ರಿ ಸ್ನಾನವಾದ ಮೇಲೆ ಹಂಡೆ ತುಂಬಿಸಿ, ಉಳಿದ ಕೆಂಡವನ್ನು ಹಾಗೇ ಬಿಟ್ಟು ಗಾಳಿಯ ಬಾಯಿ ಮುಚ್ಚಿದರೆ ಬೆಳಗಿನ ಜಾವ ಕೆಚ್ಚಲು ತೊಳೆಯಲು ಉಗುರುಬೆಚ್ಚನೆಯ ನೀರು ಸಿದ್ಧವಿರುತ್ತದೆ. ಬಚ್ಚಲಿಗೆ ಚಿಮಣಿ ಇದ್ದರೆ ಮಾತ್ರ ಹೀಗೆ ಮಾಡಿ. ಹಾಲಿನ ಕ್ಯಾನು ತೊಳೆಯಲು ಮಾತ್ರ ಉಗುರುಬೆಚ್ಚಗಿನದು ಸಾಲದು, ಚೆನ್ನಾಗಿ ಕಾದ ನೀರೇ ಬೇಕು.

ಸೌದೆಯೂ ಬೆರಣಿಯೂ

ಆಗ ತಾನೇ ಕಡಿದ ಹಸಿ ಸೌದೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ ಇರುತ್ತದೆ. ಬೆಂಕಿ ಮೊದಲು ಆ ನೀರನ್ನು ಕುದಿಸಿ ಓಡಿಸಬೇಕು, ಆಮೇಲೆ ನಿಮ್ಮ ಹಂಡೆಯ ಸರದಿ. ಎರಡು ತುಂಡು ಬಡಿದಾಗ ಟಣ್ ಎಂದರೆ ಒಣಗಿದೆ, ದಪ್ ಎಂದರೆ ಒಣಗಿಲ್ಲ. ಉರಿಯುವಾಗ ತುದಿಯಲ್ಲಿ ನೊರೆ ಕಾಣಿಸಿಕೊಂಡು ಸುಂಯ್ ಎಂದರೂ ಹಾಗೆಯೇ. ಬೇಸಗೆಯಲ್ಲಿಯೇ ಮಣಿಕಟ್ಟಿನ ದಪ್ಪಕ್ಕೆ ಸೀಳಿ, ನೆಲಕ್ಕೆ ತಾಗದಂತೆ ಮಳೆ ಬೀಳದ ಕಡೆ ಒಟ್ಟಿದರೆ ಮಳೆಗಾಲದ ಗೋಳು ತಪ್ಪುತ್ತದೆ. ಒಲೆ ಹೊತ್ತಿಸಲು ಹಾಲಿನ ಪ್ಲಾಸ್ಟಿಕ್ ಚೀಲ, ಸೈಕಲ್ ಟ್ಯೂಬು, ಬಣ್ಣ ಬಳಿದ ಮರ ಹಾಕಬಾರದು. ಕಣಗಿಲೆ ಕಡ್ಡಿಯಂತೂ ಕೂಡದೇ ಕೂಡದು, ಅದರ ಹೊಗೆಯೂ ವಿಷ.

ಇನ್ನು ಬೆರಣಿ. ಐದು ಕಿಲೋ ಹಸಿ ಸಗಣಿ ಒಣಗಿದರೆ ಸುಮಾರು ಒಂದು ಕಿಲೋ ಬೆರಣಿ. ಅದು ಸೌದೆಗಿಂತ ಕಡಿಮೆ ಶಾಖ ಕೊಟ್ಟು ಹೆಚ್ಚು ಹೊಗೆ ಬಿಡುತ್ತದೆ. ಸುಟ್ಟ ಮೇಲೆ ಬೂದಿಯಲ್ಲಿ ರಂಜಕ, ಪೊಟ್ಯಾಷ್ ಉಳಿದರೂ ಸಾರಜನಕ ಹೊಗೆಯೊಡನೆ ಹೋಗಿಬಿಡುತ್ತದೆ. ಗಂಟೆಗಟ್ಟಲೆ ಸರದಿಯಲ್ಲಿ ನಿಂತು ಯೂರಿಯಾ ಚೀಲ ತರುವ ರೈತರೇ ಸಾರಜನಕವನ್ನು ಒಲೆಗೆ ಹಾಕುತ್ತಿದ್ದಾರೆ ಎಂಬುದು ವಿಚಾರ ಮಾಡಬೇಕಾದ ಸಂಗತಿ. ನಾಲ್ಕೈದು ದೊಡ್ಡ ರಾಸುಗಳಿದ್ದು ದಿನಕ್ಕೆ 50 ಕಿಲೋ ಸಗಣಿ ಸಿಗುವಂತಿದ್ದರೆ, ನೀರಿನ ಅನುಕೂಲವೂ ಇದ್ದರೆ, ಎರಡು ಘನ ಮೀಟರಿನ ಗೋಬರ್ ಗ್ಯಾಸ್ ಸ್ಥಾವರವೇ ಮೇಲು. ಅಡುಗೆಗೆ ಅನಿಲ ಸಿಗುತ್ತದೆ, ಬಗ್ಗಡದಲ್ಲಿ ಸಾರಜನಕವೂ ಉಳಿಯುತ್ತದೆ. ಈ ಲೇಖನ ಒಲೆಯ ಬಗೆಗಾದರೂ ಅನುಕೂಲವಿದ್ದವರಿಗೆ ಒಲೆಗಿಂತ ಇದೇ ಸರಿ.

ಕೊಟ್ಟಿಗೆಯ ಪಕ್ಕದ ಮೂರನೆಯ ಒಲೆಯನ್ನು ಮಾತ್ರ ಆರಿಸಿಯೇ ಬಿಡಬಹುದು. ಒಕ್ಕೂಟದ ಸಮತೋಲನ ಪಶು ಆಹಾರವನ್ನು ಬೇಯಿಸಬೇಕಾಗಿಲ್ಲ, ಬೇಯಿಸಲೂ ಬಾರದು. ಅದರಲ್ಲಿನ ಜೀವಸತ್ವಗಳು ಕುದಿಸಿದರೆ ಹಾಳಾಗುತ್ತವೆ. ಹುರುಳಿಯನ್ನು ನುಚ್ಚು ಮಾಡಿಸಿ ನೆನೆಸಿ ಕೊಡಬಹುದು.

ಹಾಲಿಗೆ ಹೊಗೆ ವಾಸನೆ

ಹಾಲಿನ ಜಿಡ್ಡು ಸುತ್ತಲಿನ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ. ಕರೆದ ಹಾಲನ್ನು ಡೇರಿಗೆ ಒಯ್ಯುವವರೆಗೆ ಒಲೆಯ ಮಗ್ಗುಲಲ್ಲಿ ತೆರೆದಿಟ್ಟರೆ ಸಂಘದಲ್ಲಿ ಮುಚ್ಚಳ ತೆಗೆದ ಕೂಡಲೇ ಪರೀಕ್ಷಕರ ಮೂಗಿಗೆ ತಿಳಿಯುತ್ತದೆ. ಒಲೆಯ ಬಿಸಿಗೆ ಹಾಲು ಬೇಗ ಹುಳಿಯಾಗುವುದೂ ಉಂಟು. ಹಾಲನ್ನು ಗಾಳಿಯಾಡುವ, ಹೊಗೆ ಬಾರದ ತಂಪು ಜಾಗದಲ್ಲಿ ಮುಚ್ಚಿಡಿ. ಸೊಳ್ಳೆಗೆಂದು ಕೊಟ್ಟಿಗೆಯಲ್ಲಿ ಹಾಕುವ ಹೊಗೆಯನ್ನು ಹಾಲು ಕರೆದು ಪಾತ್ರೆ ಹೊರಗೆ ಸಾಗಿಸಿದ ನಂತರ ಹಾಕಿ. ಬೂದಿಯಿಂದ ಪಾತ್ರೆ ಉಜ್ಜುವವರು ಕಂಠದ ಮಡಿಕೆಯಲ್ಲಿ ಬೂದಿ ಉಳಿಯದಂತೆ ಎರಡು ಸಲ ತೊಳೆಯಬೇಕು.

ಕಾಣದ ಅಪಾಯ

ಎಲ್ಲಕ್ಕಿಂತ ಮುಖ್ಯವಾದುದನ್ನು ಈಗ ಹೇಳಬೇಕು. ಹೊಗೆ ಇಲ್ಲದ ಕೆಂಡ ಅಪಾಯವಿಲ್ಲದ್ದು ಎಂದು ಬಹಳ ಜನ ನಂಬಿದ್ದಾರೆ. ಇದು ತಪ್ಪು. ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣನ್ನೂ ಉರಿಸುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಸೇರಬೇಕಾದ ಜಾಗಕ್ಕೆ ಇದು ಸೇರಿಕೊಳ್ಳುತ್ತದೆ. ಬಾಣಂತಿ ಕೋಣೆಯ ಕಿಟಕಿ ಬಾಗಿಲು ಮುಚ್ಚಿ, ಸಂದಿಗೆ ಬಟ್ಟೆ ತುರುಕಿ, ಅಗ್ಗಿಷ್ಟಿಕೆ ಇಟ್ಟು ಮಲಗಿಸುವುದು ತಾಯಿ ಮಗು ಇಬ್ಬರಿಗೂ ಪ್ರಾಣಾಂತಿಕ. ಚಳಿಯೆಂದು ಎಳೆಗರುವಿನ ಬಳಿ ಕೆಂಡದ ಬಾಣಲೆ ಇಟ್ಟು ಕೊಟ್ಟಿಗೆಯನ್ನು ಮುಚ್ಚುವುದೂ ಅಷ್ಟೇ. ಕರುವಿಗೆ ಒಣಹುಲ್ಲಿನ ದಪ್ಪ ಹಾಸಿಗೆ, ಮೈಮೇಲೆ ಗೋಣಿ ಸಾಕು. ಕೋಣೆಯನ್ನು ಬೆಚ್ಚಗೆ ಮಾಡಲೇಬೇಕೆಂದರೆ ಮಲಗುವ ಮುಂಚೆ ಬಾಗಿಲು ಕಿಟಕಿ ತೆರೆದಿಟ್ಟು ಕಾಯಿಸಿ, ಕೆಂಡವನ್ನು ಹೊರಗೆ ಸಾಗಿಸಿ, ಆಮೇಲೆ ತಾಯಿ ಮಗುವನ್ನು ಮಲಗಿಸಿ.

ಕೆಂಡವಿದ್ದ ಕೋಣೆಯಲ್ಲಿ ತಲೆನೋವು, ತಲೆಸುತ್ತು, ವಾಕರಿಕೆ, ತಡೆಯಲಾಗದ ನಿದ್ದೆ ಬಂದರೆ ಕೂಡಲೇ ಎಲ್ಲರನ್ನೂ ಹೊರಗಿನ ಗಾಳಿಗೆ ತಂದು ಆಸ್ಪತ್ರೆಗೆ ಒಯ್ಯಬೇಕು. ಕೆಂಡ ಇಟ್ಟಿದ್ದ ಸಂಗತಿಯನ್ನು ವೈದ್ಯರಿಗೆ ಹೇಳಬೇಕು. ಈರುಳ್ಳಿ ಮೂಸಿಸುತ್ತಾ ಹೊತ್ತು ಕಳೆಯಬಾರದು.

ನಿತ್ಯದ ಜೋಪಾನ

ದಿನವೂ ಬೂದಿ ತೆಗೆಯಬೇಕು, ಇಲ್ಲವಾದರೆ ಜಾಲರಿ ಕಟ್ಟಿ ಗಾಳಿ ನಿಲ್ಲುತ್ತದೆ. ಪಾತ್ರೆಯ ತಳದ ಮಸಿಯನ್ನು ವಾರಕ್ಕೊಮ್ಮೆ ಉಜ್ಜಿ, ಚಿಮಣಿಯನ್ನು ತಿಂಗಳಿಗೊಮ್ಮೆ ಉದ್ದನೆಯ ಕೋಲಿಗೆ ಚಿಂದಿ ಕಟ್ಟಿ ಗುಡಿಸಬೇಕು. ಒಲೆ ಬಿರುಕು ಬಿಟ್ಟ ಕಡೆ ಆಗಾಗ ಮಣ್ಣು ಸಗಣಿ ಮೆತ್ತುವುದು ಹೆಂಗಸರಿಗೆ ಗೊತ್ತಿದ್ದದ್ದೇ. ತೆಗೆದ ಬೂದಿಯನ್ನು ನೇರವಾಗಿ ತಿಪ್ಪೆಗೆ ಸುರಿಯಬೇಡಿ. ಬೂದಿಯೊಳಗಿನ ಕೆಂಡ ಮರುದಿನದವರೆಗೂ ಜೀವ ಹಿಡಿದಿರುತ್ತದೆ, ತಿಪ್ಪೆಯ ಪಕ್ಕದಲ್ಲಿಯೇ ಹುಲ್ಲಿನ ಮೆದೆ ಇರುತ್ತದೆ. ಒಂದು ಸಂಜೆಯ ಗಾಳಿಗೆ ವರ್ಷದ ಮೇವು ಹೋಗಬಹುದು. ತಗಡಿನ ಡಬ್ಬಕ್ಕೆ ತುಂಬಿ, ನೀರು ಚಿಮುಕಿಸಿ, ಪೂರ್ತಿ ಆರಿದ ಮೇಲೆ ಗೊಬ್ಬರದ ಗುಂಡಿಗೆ ಹಾಕಿ. ಒಲೆಯ ಮುಂದೆ ಕೂರುವಾಗ ನೈಲಾನ್ ಸೀರೆ ಬೇಡ, ಸೆರಗನ್ನು ಸಿಕ್ಕಿಸಿಕೊಳ್ಳಿ. ಯಾರಿಗಾದರೂ ಸುಟ್ಟರೆ ಶಾಯಿ, ಬೂದಿ, ಪೇಸ್ಟ್ ಹಚ್ಚದೆ ಇಪ್ಪತ್ತು ನಿಮಿಷ ತಣ್ಣೀರು ಹರಿಯಬಿಟ್ಟು, ಸ್ವಚ್ಛ ಬಟ್ಟೆ ಹೊದಿಸಿ ಆಸ್ಪತ್ರೆಗೆ ಕರೆದೊಯ್ಯಿರಿ.